ಹದ ಬಂದ ದಿನ ಕೂರಿಗೆ ಎರವಲು ಸಿಗದು

ಕ್ರಿಸ್ತನ ಎರಡನೆಯ ಬರೋಣಕ್ಕೆ ಸಿದ್ಧವಾಗಿರುವುದೆಂದರೇನು? ರಾಯದುರ್ಗ ಸೀಮೆಯ ಒಣಭೂಮಿ ರೈತನೊಬ್ಬನ ನಾಲ್ಕು ಮಾತು

ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಸಿ.ಎಸ್.ಐ., ಕ್ಯಾಥೊಲಿಕ್ ಮುಂತಾದ ಕ್ರೈಸ್ತ ಸಭೆಗಳಲ್ಲಿ ಆಗಮನ ಕಾಲವೆಂದು ಆಚರಿಸುತ್ತಾರೆ. ಅಕ್ಕಪಕ್ಕದ ಬಂಧುಗಳು ಇದನ್ನು ಹಬ್ಬಕ್ಕೆ ಸುಣ್ಣ ಬಣ್ಣ ಬಳಿಯುವ ಕಾಲ ಅಂದುಕೊಂಡಿದ್ದಾರೆ. ಅದೂ ಸುಳ್ಳಲ್ಲ. ಆದರೆ ಆ ನಾಲ್ಕು ವಾರಕ್ಕೆ ಎರಡು ಮುಖ. ಒಂದು, ಬೆತ್ಲೆಹೇಮಿನಲ್ಲಿ ಹುಟ್ಟಿದ ಕೂಸನ್ನು ನೆನೆಯುವುದು. ಇನ್ನೊಂದು, ಅದೇ ಯೇಸುಸ್ವಾಮಿ ಮತ್ತೊಮ್ಮೆ ಬಂದು ಲೋಕದ ಲೆಕ್ಕ ಕೇಳುತ್ತಾನೆ ಎಂದು ಕಾಯುವುದು. ಈ ಎರಡನೆಯ ಮುಖದ ಬಗ್ಗೆ ನಮ್ಮ ಗಡಿ ಹಳ್ಳಿಗಳಲ್ಲಿ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಅದಕ್ಕೇ ಈ ಬರಹ.

ನಮ್ಮದು ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರದಲ್ಲಿ ಉಳಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ನಮ್ಮ ಪ್ರಾರ್ಥನೆಯೂ ಹಾಗೇ. ಹಾಡು ತೆಲುಗಿನಲ್ಲಿ ಆದರೆ ಮೊಣಕಾಲೂರಿ ಅಳುವುದು ಕನ್ನಡದಲ್ಲಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬೈಬಲ್ಲನ್ನು ಕನ್ನಡಕ್ಕೆ ತಂದರು. ಈ ಸೀಮೆಯಲ್ಲಿ ಕ್ರೈಸ್ತರ ಕನ್ನಡಕ್ಕೆ ಇನ್ನೂರು ವರ್ಷದ ಬೇರಿದೆ.

ರಾಕಡ, ಬರೋಣ, ಎದುರ್ಕೋಲು

ತೆಲುಗು ಸಭೆಯಲ್ಲಿ 'ರೆಂಡವ ರಾಕಡ' ಅನ್ನುತ್ತಾರೆ. ಕನ್ನಡ ಸಭೆಯಲ್ಲಿ 'ಎರಡನೆಯ ಬರೋಣ'. ಈ 'ಬರೋಣ' ಹಳೇ ಕಾಲದ ಗದ್ಯದ ಮಾತು. ಬರುವುದು, ಬರುವಿಕೆ ಎಂದು ಅರ್ಥ. ಆದರೆ ಆಡುಮಾತಿನಲ್ಲಿ 'ಸಂತೆಗೆ ಹೋಗಿ ಬರೋಣ' ಅಂದರೆ ನಾವೆಲ್ಲ ಕೂಡಿ ಹೋಗಿ ಬರುವ ಮಾತು. ಹಾಗಾಗಿ 'ಕ್ರಿಸ್ತನ ಬರೋಣ' ಅಂದರೆ ಸಣ್ಣ ಹುಡುಗರಿಗೆ ಗಲಿಬಿಲಿ ಆಗುತ್ತದೆ. ನನಗೆ ಆ ಗಲಿಬಿಲಿಯಲ್ಲಿ ಒಂದು ಅರ್ಥ ಕಾಣುತ್ತದೆ. ಆತ ಬರುವುದೂ ಇದೆ, ನಾವು ಎದುರಿಗೆ ಹೋಗುವುದೂ ಇದೆ.

ಪೌಲನು ಥೆಸಲೊನೀಕದ ಸಭೆಗೆ ಬರೆದ ಮೊದಲ ಪತ್ರದಲ್ಲಿ ವಿಶ್ವಾಸಿಗಳು ಕರ್ತನನ್ನು ಎದುರುಗೊಳ್ಳುವ ಮಾತು ಬರುತ್ತದೆ. ಅಲ್ಲಿರುವ ಗ್ರೀಕ್ ಪದ 'ಅಪಾಂತೇಸಿಸ್'. ದೊಡ್ಡವರು ಊರಿಗೆ ಬರುವಾಗ ಊರಾಚೆಗೆ ಹೋಗಿ ಕಂಡು ಕರೆತರುವುದಕ್ಕೆ ಆ ಪದ ಬಳಸುತ್ತಿದ್ದರು. ಮತ್ತಾಯನ 25ನೆಯ ಅಧ್ಯಾಯದಲ್ಲಿ ಹತ್ತು ಕನ್ಯೆಯರು ಮದುಮಗನನ್ನು ಕಾಣಲು ಹೊರಡುವ ಕಡೆಯೂ ಅದೇ ಪದ ಇದೆ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಲುಗು ಮದುವೆಯಲ್ಲಿ 'ಎದುರ್ಕೋಲು' ಎಂಬ ಶಾಸ್ತ್ರವೇ ಇದೆ. ಗಂಡಿನ ಕಡೆಯವರು ಊರಂಚಿಗೆ ಬಂದರೆ ಹೆಣ್ಣಿನ ಕಡೆಯವರು ವಾದ್ಯ ಸಮೇತ ಹೋಗಿ ಕರೆತರುತ್ತಾರೆ. ಅಂದರೆ ಕ್ರಿಸ್ತನ ಬರೋಣ ಪೊಲೀಸರ ದಾಳಿಯಂಥದ್ದಲ್ಲ, ದಿಬ್ಬಣ ಬಂದಂತೆ. ದಿಬ್ಬಣಕ್ಕೆ ಹೆದರಿ ಯಾರೂ ಮನೆ ಬಿಟ್ಟು ಓಡುವುದಿಲ್ಲ. ಅಡುಗೆ ಆಗಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ.

ಇನ್ನೊಂದು ಮಾತು 'ಕಾಯುವುದು'. ಕನ್ನಡದಲ್ಲಿ ಮಳೆಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ನಿರೀಕ್ಷೆಗೂ ಪಹರೆಗೂ ಒಂದೇ ಪದ. ತೆಲುಗಿನಲ್ಲಿ ನಿರೀಕ್ಷೆಗೆ 'ಎದುರುಚೂಪು' ಅನ್ನುತ್ತಾರೆ, ಅಂದರೆ ದಾರಿ ಕಡೆ ನೋಡುವುದು. ಎರಡನ್ನೂ ಕೂಡಿಸಿದರೆ ಪೂರ್ತಿ ಅರ್ಥ ಬರುತ್ತದೆ. ಕಣ್ಣು ದಾರಿಯ ಕಡೆ ಇರಬೇಕು, ಕೈ ಹೊಲದ ಮೇಲೆ ಇರಬೇಕು. ದಾರಿಯನ್ನೇ ನೋಡುತ್ತಾ ಕುಂತರೆ ಹೊಲಕ್ಕೆ ಹಂದಿ ನುಗ್ಗುತ್ತವೆ. ತಲೆ ಎತ್ತದೆ ಹೊಲದಲ್ಲೇ ಮುಳುಗಿದರೆ ಬಂದವರು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಎಣ್ಣೆ ಕೊಡದವರು ಜಿಪುಣರೇ?

ಹತ್ತು ಕನ್ಯೆಯರ ಸಾಮ್ಯ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಮದುಮಗನನ್ನು ಎದುರುಗೊಳ್ಳಲು ಹತ್ತು ಮಂದಿ ಹುಡುಗಿಯರು ದೀಪ ಹಿಡಿದು ಹೋದರು. ಐದು ಮಂದಿ ಪಾತ್ರೆಯಲ್ಲಿ ಬೇರೆ ಎಣ್ಣೆ ತಂದಿದ್ದರು, ಐದು ಮಂದಿ ತಂದಿರಲಿಲ್ಲ. ಮದುಮಗ ತಡ ಮಾಡಿದ. ಹತ್ತೂ ಜನ ತೂಕಡಿಸಿ ಮಲಗಿದರು. ನಡುರಾತ್ರಿ ಕೂಗಾಯಿತು. ಎಣ್ಣೆ ಇಲ್ಲದವರು ಉಳಿದವರನ್ನು ಕೇಳಿದರು; ಅವರು ಕೊಡಲಿಲ್ಲ. ಕೊಂಡು ತರಲು ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಇದನ್ನು ಕೇಳಿದ ನಮ್ಮ ರೈತ ಬಂಧುಗಳು ಒಂದು ಪ್ರಶ್ನೆ ಹಾಕುತ್ತಾರೆ. ಕಷ್ಟದಲ್ಲಿದ್ದವರಿಗೆ ಒಂದು ಪಾವು ಎಣ್ಣೆ ಕೊಡದವರು ಎಂಥಾ ಜಾಣೆಯರು? ನೆರೆಯವರನ್ನು ಪ್ರೀತಿಸು ಎಂದ ಸ್ವಾಮಿ ಇವರನ್ನು ಹೇಗೆ ಮೆಚ್ಚಿದ? ಪ್ರಶ್ನೆ ಸರಿಯಾಗೇ ಇದೆ. ಉತ್ತರ ನಮ್ಮ ಹೊಲದಲ್ಲೇ ಸಿಗುತ್ತದೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಅದೂ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಮಸಾರಿ ನೆಲಕ್ಕೆ ಮಳೆ ಬಿದ್ದರೆ ಹದ ಎರಡು ಮೂರು ದಿನ ನಿಂತರೆ ಹೆಚ್ಚು. ಅಷ್ಟರೊಳಗೆ ಶೇಂಗಾ ಬಿತ್ತಬೇಕು. ಬೇರೆ ದಿನಗಳಲ್ಲಿ ನಮ್ಮ ಊರಲ್ಲಿ ಎತ್ತು, ಕೂರಿಗೆ, ಮಿಣಿ, ನೊಗ ಎಲ್ಲಾ ಎರವಲು ನಡೆಯುತ್ತವೆ; ಇಲ್ಲ ಎಂದವರಿಲ್ಲ. ಆದರೆ ಹದ ಬಂದ ದಿನ? ಅಣ್ಣತಮ್ಮಂದಿರ ನಡುವೆಯೂ ಕೂರಿಗೆ ಎರವಲು ಸಿಗುವುದಿಲ್ಲ. ಅವನಿಗೆ ಮನಸ್ಸಿಲ್ಲ ಎಂದಲ್ಲ. ಅವನ ಹೊಲವೂ ಅವತ್ತೇ ಹದಕ್ಕೆ ಬಂದಿರುತ್ತದೆ. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿವೆ. ಆದರೂ ಅವತ್ತು ಬಾಡಿಗೆಗೆ ಸಾಲು ನಿಲ್ಲಬೇಕು, ಸಾಲಿನ ಕೊನೆಯವನ ಹೊಲ ಆರಿಹೋಗುತ್ತದೆ.

ಎಣ್ಣೆಯ ಮಾತೂ ಇಷ್ಟೇ. ಕೊಡಬಾರದು ಎಂದಲ್ಲ, ಕೊಡಲು ಬಾರದು. ನನ್ನ ಪ್ರಾರ್ಥನೆಯನ್ನು ನನ್ನ ಮಗನ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ನನ್ನ ಹೆಂಡತಿಯ ತಾಳ್ಮೆ ನನ್ನದಾಗುವುದಿಲ್ಲ. ಅಪ್ಪ ಸಭೆಯ ಹಿರಿಯರಾಗಿದ್ದರು ಎಂದ ಮಾತ್ರಕ್ಕೆ ಮಗನ ದೀಪ ಉರಿಯದು.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹತ್ತೂ ಜನ ನಿದ್ದೆ ಮಾಡಿದರು, ಜಾಣೆಯರೂ ಮಾಡಿದರು. ಸ್ವಾಮಿ ನಿದ್ದೆಯನ್ನು ತಪ್ಪೆನ್ನಲಿಲ್ಲ. ಸಿದ್ಧತೆ ಎಂದರೆ ಕಣ್ಣು ಬಿಟ್ಟುಕೊಂಡು ನಡುಗುತ್ತಾ ಕೂರುವುದಲ್ಲ. ಬೇಕಾದ್ದನ್ನು ಜೋಡಿಸಿಟ್ಟವನು ನೆಮ್ಮದಿಯಾಗಿ ಮಲಗಬಹುದು.

ಹಾಗಂತ ಒಮ್ಮೆ ಜೋಡಿಸಿಟ್ಟು ಮರೆಯುವುದೂ ಅಲ್ಲ. ಶೇಂಗಾ ಬೀಜಕ್ಕೆ ಎಕರೆಗೆ 40-50 ಕಿಲೋ ಸುಲಿದ ಕಾಳು ಬೇಕು. ಸಂಕ್ರಾಂತಿಗೇ ಸುಲಿದಿಟ್ಟರೆ ಮುಂಗಾರಿಗೆ ಹುಳ ಬಿದ್ದಿರುತ್ತದೆ, ಮೊಳಕೆಯ ಶಕ್ತಿ ಕುಗ್ಗಿರುತ್ತದೆ. ಹತ್ತು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದೆ, ಆಗ ಬಹಳ ಭಕ್ತಿ ಇತ್ತು ಎಂದು ಹೇಳಿಕೊಳ್ಳುವುದು ಹುಳ ಬಿದ್ದ ಬೀಜ ತೋರಿಸಿದ ಹಾಗೆ.

1999ರಲ್ಲಿ ನಮ್ಮ ಊರಲ್ಲಿ

ಎರಡು ಸಾವಿರ ಇಸವಿ ಹತ್ತಿರ ಬಂದಾಗ ಲೋಕ ಮುಗಿಯುತ್ತದೆ ಎಂಬ ಗುಲ್ಲು ಎಲ್ಲಾ ಕಡೆ ಇತ್ತು. 1999ರ ಬೇಸಿಗೆಯಲ್ಲಿ ನಮ್ಮ ಊರಿಗೆ ಹೊರಗಿನ ಬೋಧಕರೊಬ್ಬರು ಬಂದು ಮೂರು ದಿನ ಕೂಟ ನಡೆಸಿದರು. ಮೊದಲ ದಿನ ಭೂಕಂಪ, ಯುದ್ಧಗಳ ಮಾತು. ಎರಡನೇ ದಿನ ಲೆಕ್ಕ. ಮೂರನೇ ದಿನ, ಈ ವರ್ಷ ದಾಟುವುದಿಲ್ಲ ಅಂದರು. ಕಾಣಿಕೆ ತಟ್ಟೆ ತುಂಬಿತು, ಬೆಳಗಿನ ಬಸ್ಸಿಗೆ ಅವರು ಹೋದರು.

ಆ ವಾರವೇ ನಮ್ಮ ಸಭೆಯ ಹಿರಿಯರೊಬ್ಬರು ಒಳ್ಳೇ ಜೋಡಿ ಎತ್ತು ಮಾರಿದರು. 'ಇನ್ನು ಬಿತ್ತಿ ಏನಾಗಬೇಕು' ಎಂದು ಆರು ಎಕರೆ ಬೀಳು ಬಿಟ್ಟರು. ದಿನವೆಲ್ಲಾ ಪ್ರಾರ್ಥನೆ ಮಾಡಿದರು. ಅವರ ಭಕ್ತಿ ಸುಳ್ಳಲ್ಲ. ನಾನು ಅವರನ್ನು ಹಾಸ್ಯ ಮಾಡಲು ಇದನ್ನು ಬರೆಯುತ್ತಿಲ್ಲ. ಆದರೆ 2000ದ ಜನವರಿ ಬಂತು, ಮನೆಯಲ್ಲಿ ಶೇಂಗಾವೂ ಇಲ್ಲ, ದನಕ್ಕೆ ಹೊಟ್ಟೂ ಇಲ್ಲ. ಮುಂದಿನ ಮುಂಗಾರಿಗೆ ಬೇರೆಯವರ ಎತ್ತು ಬಾಡಿಗೆಗೆ ತಂದು, ಊರೆಲ್ಲಾ ಬಿತ್ತಿದ ಮೇಲೆ ಬಿತ್ತಿದರು. ಅವರ ಮಗ ಆಮೇಲೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಎತ್ತು ಹೋಗಿದ್ದಕ್ಕಿಂತ ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ.

ಅದೇ ಕೂಟ ಕೇಳಿದ ನಮ್ಮ ದೊಡ್ಡಮ್ಮ ಬೇರೆ ಕೆಲಸ ಮಾಡಿದಳು. ಅಂಗಡಿಯ ಉದ್ರಿ ತೀರಿಸಿದಳು. ಕಳೆ ತೆಗೆದವರ ಬಾಕಿ ಕೂಲಿ ಕೊಟ್ಟಳು. ಬದುವಿನ ತಕರಾರಿನಿಂದ ಆರು ವರ್ಷ ಮಾತು ಬಿಟ್ಟಿದ್ದ ನೆರೆಹೊಲದವರ ಮನೆಗೆ ಹೋಗಿ, 'ಆ ಎರಡು ಮೊಳ ನಿಂದೇ ಇರ್ಲಿ ತಮ್ಮಾ' ಅಂದು ಅವರ ಮನೆಯಲ್ಲೇ ಉಂಡು ಬಂದಳು. ಇಷ್ಟಾದ ಮೇಲೆ ಪಡಸಾಲೆಯಲ್ಲಿ ಕುಂತು ಶೇಂಗಾ ಸುಲಿಯತೊಡಗಿದಳು.

'ಲೋಕಾನೇ ಮುಗೀತೈತಂತೆ, ಬೀಜ ಯಾಕೆ ದೊಡ್ಡಮ್ಮಾ?' ಅಂದೆ.

'ಬಂದ್ರೆ ಬರ್ಲಿ ಬಿಡಪ್ಪಾ. ಆತ ಬಂದಾಗ ನಾನು ಬೀಜ ಸುಲೀತಾ ಕುಂತಿದ್ರೆ ಆತಗೇನು ಬ್ಯಾಸರಾನಾ?' ಅಂದಳು.

ದೊಡ್ಡಮ್ಮನಿಗೆ ಓದು ಬರಹ ಇರಲಿಲ್ಲ. ಮತ್ತಾಯನ 24ನೆಯ ಅಧ್ಯಾಯದಲ್ಲಿ ಇದೇ ಮಾತು ಇದೆ ಎಂದು ಆಕೆಗೆ ಗೊತ್ತಿತ್ತೋ ಇಲ್ಲವೋ. ಅಲ್ಲಿ ಸ್ವಾಮಿ ಹೇಳುವುದು ಹೊಲದಲ್ಲಿರುವ ಇಬ್ಬರ ಬಗ್ಗೆ, ಬೀಸುವ ಕಲ್ಲಿನ ಮುಂದೆ ಇರುವ ಇಬ್ಬರು ಹೆಂಗಸರ ಬಗ್ಗೆ. ಒಬ್ಬರನ್ನು ಕರೆದುಕೊಳ್ಳುತ್ತಾರೆ, ಒಬ್ಬರು ಉಳಿಯುತ್ತಾರೆ. ಇಬ್ಬರೂ ಮಾಡುತ್ತಿದ್ದದ್ದು ಒಂದೇ ಕೆಲಸ. ಕೆಲಸ ಬಿಟ್ಟು ಗುಡ್ಡ ಹತ್ತಿದವರನ್ನು ಕರೆದುಕೊಂಡರು ಎಂದು ಅಲ್ಲಿಲ್ಲ.

ತಾರೀಖು ಹೇಳಿದವರ ಗತಿ

ತಾರೀಖು ಗೊತ್ತುಮಾಡುವ ಚಟ ನಮ್ಮ ಸೀಮೆಯದಷ್ಟೇ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಿಲ್ಲರ್ ಎಂಬಾತ ಇದ್ದ. ಆತನೂ ನಮ್ಮಂಥ ರೈತನೇ. ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿಸ್ತಪೂರ್ವ 457ರಿಂದ ಎಣಿಸಿ, 1843ರ ಸುಮಾರಿಗೆ ಕ್ರಿಸ್ತನು ಬರುತ್ತಾನೆಂದು ಸಾರಿದ. ಆ ಗಡುವು ದಾಟಿತು. ಅವನ ಹಿಂಬಾಲಕರು ಮತ್ತೆ ಲೆಕ್ಕ ಹಾಕಿ 1844ರ ಅಕ್ಟೋಬರ್ 22 ಎಂದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಆ ರಾತ್ರಿ ಕಾದರು, ಬೆಳಗಾಯಿತು. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು. ಮಿಲ್ಲರ್ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡ, ನಿರೀಕ್ಷೆಯನ್ನು ಮಾತ್ರ ಬಿಡಲಿಲ್ಲ, 1849ರಲ್ಲಿ ತೀರಿಕೊಂಡ. ಆತ ಪ್ರಾಮಾಣಿಕ.

ಎಲ್ಲರೂ ಹಾಗಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಲೀ ಜಾಂಗ್ ರಿಮ್ ಎಂಬ ಬೋಧಕ 1992ರ ಅಕ್ಟೋಬರ್ 28 ಎಂದು ತಾರೀಖು ಕೊಟ್ಟ. ಎಷ್ಟೋ ಜನ ನೌಕರಿ ಬಿಟ್ಟರು, ಮನೆ ಮಾರಿದರು. ಆತನ ಹೆಸರಲ್ಲಿ ಮಾತ್ರ ಆ ತಾರೀಖು ದಾಟಿದ ಮೇಲೆ ಅವಧಿ ತುಂಬುವ ಬಾಂಡುಗಳಿದ್ದವು! ವಂಚನೆಗಾಗಿ ಆತನಿಗೆ ಜೈಲಾಯಿತು. ವ್ಯಾಪಾರಿ ಬಂಧುಗಳು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಲೋಕ ಮುಗಿಯುತ್ತದೆ ಎನ್ನುವವನ ಬ್ಯಾಂಕ್ ಪುಸ್ತಕ ನೋಡಿದರೆ ಅವನ ನಂಬಿಕೆ ತಿಳಿಯುತ್ತದೆ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು, ಅದು ತಪ್ಪಿದ ಮೇಲೆ ಅಕ್ಟೋಬರ್ 21 ಎಂದರು. 2012ರಲ್ಲಿ, ತಾರೀಖು ಹೇಳಿದ್ದು ಪಾಪವಾಯಿತು ಎಂದು ಬರೆದು ಒಪ್ಪಿಕೊಂಡರು.

ಇವರಿಗೆಲ್ಲ ಉತ್ತರ ಸುವಾರ್ತೆಯಲ್ಲೇ ಇದೆ. ಆ ದಿನ, ಆ ಗಳಿಗೆ ತಂದೆಯೊಬ್ಬನಿಗೆ ಗೊತ್ತು. ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದು ಸ್ವಾಮಿಯೇ ಹೇಳಿದ್ದಾನೆ. ಮಗನಿಗೇ ಗೊತ್ತಿಲ್ಲದ್ದು ಮೈಕು ಹಿಡಿದವನಿಗೆ ಹೇಗೆ ಗೊತ್ತಾಯಿತು?

ಮೊದಲ ಶತಮಾನದಲ್ಲೇ ಈ ರೋಗ ಇತ್ತು. ಥೆಸಲೊನೀಕದಲ್ಲಿ ಕೆಲವರು ಕೆಲಸ ಬಿಟ್ಟು ಕಂಡವರ ಮನೆ ಉಸಾಬರಿ ಮಾಡುತ್ತಾ ತಿರುಗುತ್ತಿದ್ದರು. ದುಡಿಯಲು ಒಲ್ಲದವನು ಉಣ್ಣಲೂಬಾರದು ಎಂದು ಪೌಲನು ಖಡಾಖಂಡಿತವಾಗಿ ಬರೆದ. ಗುಡಾರ ಹೊಲಿದು ಸ್ವಂತ ದುಡಿಮೆಯಿಂದ ಉಂಡ ಮನುಷ್ಯನ ಮಾತು ಅದು.

ಹಾಗಾದರೆ ಎಣ್ಣೆ ಯಾವುದು?

ಮತ್ತಾಯನ 25ನೆಯ ಅಧ್ಯಾಯವನ್ನು ಹತ್ತು ಕನ್ಯೆಯರಿಗೇ ನಿಲ್ಲಿಸಬಾರದು, ಕೊನೆವರೆಗೂ ಓದಬೇಕು. ಎರಡನೆಯ ಸಾಮ್ಯ ವ್ಯಾಪಾರಿಗಳದ್ದು. ಒಡೆಯ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ಪರದೇಶಕ್ಕೆ ಹೋದ. ತಲಾಂತು ಸಣ್ಣ ಹಣವಲ್ಲ. ಒಂದು ತಲಾಂತು ಅಂದರೆ ಕೂಲಿಯವನ ಸುಮಾರು ಇಪ್ಪತ್ತು ವರ್ಷದ ಗಳಿಕೆ. ಇಬ್ಬರು ದುಡಿಸಿ ಇಮ್ಮಡಿ ಮಾಡಿದರು. ಮೂರನೆಯವನು ಹೆದರಿ ಮಣ್ಣಲ್ಲಿ ಹೂತಿಟ್ಟ. ಅವನು ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ, ಪೈಸೆ ಸಮೇತ ವಾಪಸ್ಸು ಕೊಟ್ಟ. ಆದರೂ ಬೈಸಿಕೊಂಡ. ಭಯದಿಂದ ಕೈ ಕಟ್ಟಿ ಕೂರುವುದು ಸಿದ್ಧತೆಯಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೂರನೆಯದು ಕಡೇ ತೀರ್ಪಿನ ಮಾತು. ಅಲ್ಲಿ ಒಡೆಯ ಕೇಳುವ ಪ್ರಶ್ನೆಗಳಲ್ಲಿ ತಾರೀಖಿನ ಲೆಕ್ಕ ಒಂದೂ ಇಲ್ಲ. ಹಸಿದವನಿಗೆ ಉಣ್ಣಲು ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಪರದೇಶಿಯನ್ನು ಮನೆಗೆ ಕರೆದೆಯಾ, ಬಟ್ಟೆ ಇಲ್ಲದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯವನಿಗೆ ಭೇಟಿ. ಇಷ್ಟೇ. ಬಲಗಡೆ ನಿಂತವರಿಗೆ ತಾವು ಆತನಿಗೇ ಇದನ್ನು ಮಾಡಿದೆವೆಂಬುದು ಗೊತ್ತೇ ಇರಲಿಲ್ಲ. ಎಡಗಡೆಯವರಿಗೆ ತಾವು ಬಿಟ್ಟದ್ದೂ ಗೊತ್ತಿರಲಿಲ್ಲ.

ರೈತನಿಗೆ ಇನ್ನೂ ಹತ್ತಿರದ ಮಾತು ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿದೆ. ಕರ್ತನ ಬರೋಣದವರೆಗೆ ತಾಳ್ಮೆ ಇರಲಿ, ಬೇಸಾಯಗಾರನನ್ನು ನೋಡಿ ಕಲಿಯಿರಿ ಎನ್ನುತ್ತಾನೆ ಆತ. ಅಲ್ಲಿ ಬರುವ ಎರಡು ಮಳೆಗಳಿಗೆ ತೆಲುಗು ಬೈಬಲ್ಲಿನಲ್ಲಿ ತೊಲಕರಿ, ಕಡವರಿ ಎಂದಿದೆ. ಕನ್ನಡದಲ್ಲಿ ನಮ್ಮ ಮುಂಗಾರು, ಹಿಂಗಾರು. ಪಾಲೆಸ್ತೀನದಲ್ಲಿ ಮೊದಲ ಮಳೆ ಅಕ್ಟೋಬರ್-ನವೆಂಬರಿನಲ್ಲಿ, ಕೊನೆಯದು ಮಾರ್ಚ್-ಏಪ್ರಿಲಿನಲ್ಲಿ. ತಿಂಗಳು ಬೇರೆ, ಕಾಯುವ ಸಂಕಟ ಒಂದೇ. ನಮ್ಮವರು ಈ ವಚನವನ್ನು ಇಷ್ಟಪಟ್ಟು ಬಾಯಿಪಾಠ ಮಾಡಿದ್ದಾರೆ. ಆದರೆ ಅದರ ಮೂರು ವಚನ ಮೇಲೆ ಏನಿದೆ? ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದಿದೆ. ಅದನ್ನು ಯಾರೂ ಬಾಯಿಪಾಠ ಮಾಡಿಲ್ಲ! ಮಳೆಗೆ ತಾಳ್ಮೆಯಿಂದ ಕಾಯುವ ರೈತ ಕೂಲಿಯವಳನ್ನು ಮೂರು ಸಂತೆ ಕಾಯಿಸಿದರೆ ಅವನ ಎಣ್ಣೆ ಸೋರಿದೆ ಎಂದೇ ಲೆಕ್ಕ. ತೂಕದ ಬಟ್ಟಿನಲ್ಲಿ ಮೋಸ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಂತು ಹಾಡುವ ವ್ಯಾಪಾರಿಯ ದೀಪವೂ ಅಷ್ಟೇ.

ಹಾಗಾದರೆ ಪ್ರಾರ್ಥನೆ, ವಾಕ್ಯ ಓದುವುದು, ಪ್ರಭುಭೋಜನ ಇವೆಲ್ಲ ಬೇಡವೇ? ಬೇಕು. ಅವಿಲ್ಲದೆ ಎಣ್ಣೆ ಎಲ್ಲಿಂದ ತುಂಬೀತು? ಆದರೆ ತುಂಬಿದ ಎಣ್ಣೆ ಉರಿದು ಬೆಳಕಾಗಬೇಕು. ಪಾತ್ರೆಯಲ್ಲೇ ಇಟ್ಟುಕೊಂಡರೆ ಅದು ಅಂಗಡಿಯ ಸಾಮಾನು.

ಆದಿ ಸಭೆಯವರು ಪ್ರಾರ್ಥನೆಯಲ್ಲಿ 'ಮಾರನಾಥಾ' ಎನ್ನುತ್ತಿದ್ದರು. ಅರಾಮಿಕ್ ಭಾಷೆಯ ಮಾತು. ಒಂದು ರೀತಿ ಬಿಡಿಸಿದರೆ 'ನಮ್ಮ ಒಡೆಯ ಬಂದಿದ್ದಾನೆ', ಇನ್ನೊಂದು ರೀತಿ ಬಿಡಿಸಿದರೆ 'ನಮ್ಮ ಒಡೆಯನೇ, ಬಾ'. ಪದ ಬಿಡಿಸುವ ಆಟ ಎರಡು ಭಾಷೆಯ ಕವಿಗಳಾದ ನಮಗೆ ಖುಷಿ ಕೊಡುತ್ತದೆ. ಎರಡು ಅರ್ಥವೂ ಇರಲಿ ಎನ್ನುತ್ತೇನೆ ನಾನು. ಹಸಿದವನ ರೂಪದಲ್ಲಿ ಆತ ಇವತ್ತೇ ಬಾಗಿಲಿಗೆ ಬಂದಿದ್ದಾನೆ. ಮಹಿಮೆಯಲ್ಲಿ ಇನ್ನೂ ಬರಬೇಕಾಗಿದೆ.

ದೊಡ್ಡಮ್ಮ 2008ರಲ್ಲಿ ತೀರಿಕೊಂಡಳು. ಆಕೆಯ ಪಾಲಿಗೆ ಬರೋಣ ಆ ರೀತಿಯಲ್ಲಿ ಆಯಿತು. ಪ್ರತಿಯೊಬ್ಬನ ಕಡೇ ಉಸಿರಿನ ದಿನ ಅವನ ಪಾಲಿಗೆ ಆ ದಿನವೇ ಎಂದು ನಮ್ಮ ಅಯ್ಯನವರು ಹೇಳುತ್ತಾರೆ. ಆಕೆಯ ಮಣ್ಣಿನ ದಿನ ಸಾಲದ ಚೀಟಿ ಹಿಡಿದು ಬಂದವರು ಒಬ್ಬರೂ ಇರಲಿಲ್ಲ. ನೆರೆಹೊಲದವರು ಹೆಗಲು ಕೊಟ್ಟರು. ಅಟ್ಟದ ಮೇಲೆ ಮುಂದಿನ ಮುಂಗಾರಿಗೆಂದು ಎತ್ತಿಟ್ಟ ಬೀಜದ ಶೇಂಗಾ ಮೂಟೆ ಇತ್ತು.

ಬರುವ ಆಗಮನ ಕಾಲದಲ್ಲಿ ಯಾರಾದರೂ ತಾರೀಖು ಹೇಳಿದರೆ, ಗಡಿನಾಡಿನ ಬಂಧುಗಳೇ, ಜಗಳ ಮಾಡಬೇಡಿ, ಎತ್ತೂ ಮಾರಬೇಡಿ. ಮನೆಗೆ ಬಂದು ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರ ಕೂಲಿ ಬಾಕಿ ಇದೆ? ಯಾರ ಜೊತೆ ಮಾತು ಬಿಟ್ಟಿದ್ದೇನೆ? ಈ ಓಣಿಯಲ್ಲಿ ಇವತ್ತು ಉಣ್ಣದೆ ಮಲಗುವವರು ಯಾರು? ಉತ್ತರ ಸಿಕ್ಕ ಕೂಡಲೇ ಎದ್ದು ಹೋಗಿ. ಬೆಳಗಿನವರೆಗೂ ಕಾಯುವುದು ಬೇಡ.